ಅನ್ನನಾಳದ ಕ್ಯಾನ್ಸರ್ ಮತ್ತು ಪ್ರೋಟೀನ್ ಸೂಚಕಗಳು: ವರದಿ ಹೇಳುವುದೇನು, ಹೇಳದಿರುವುದೇನು?

ವಿಷಯ: ಜೀವಶಾಸ್ತ್ರ (ಗಣಿತ ಮತ್ತು ಭಾಷೆಯೊಂದಿಗೆ ಸಮನ್ವಯ)
ತರಗತಿ: ಪ್ರೌಢಶಾಲೆಯ ಮೇಲ್ತರಗತಿಗಳು
ಅವಧಿ: 3 ಪೀರಿಯಡುಗಳು

ಪೀಠಿಕೆ

ಗಡಿನಾಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ವಿಜ್ಞಾನದ ಪಾಠವು ಪರೀಕ್ಷೆಯೊಂದಿಗೆ ಮುಗಿಯುವುದಿಲ್ಲ. ಮನೆಯ ಹಿರಿಯರೊಬ್ಬರಿಗೆ ದೊಡ್ಡ ಕಾಯಿಲೆ ಬಂದಾಗ ಆಸ್ಪತ್ರೆಯ ವರದಿ ಇಂಗ್ಲಿಷಿನಲ್ಲಿರುತ್ತದೆ. ವೈದ್ಯರು ಹೆಚ್ಚಾಗಿ ರಾಜ್ಯದ ಭಾಷೆಯಲ್ಲಿ ಮಾತನಾಡುತ್ತಾರೆ. ಮನೆಯವರಿಗೆ ಮನದಟ್ಟಾಗಬೇಕಾದುದು ಕನ್ನಡದಲ್ಲಿ. ಈ ಮೂರು ಭಾಷೆಗಳ ನಡುವೆ ಸೇತುವೆಯಾಗುವವರು ಎಷ್ಟೋ ವೇಳೆ ಶಾಲೆಗೆ ಹೋಗುವ ಮಕ್ಕಳೇ. ವರದಿಯಲ್ಲಿ 'ಪಾಸಿಟಿವ್' ಎಂಬ ಪದವನ್ನು ಕಂಡ ಮಗು ಅದನ್ನು ಒಳ್ಳೆಯ ಸುದ್ದಿ ಎಂದು ಹೇಳಬೇಕೇ, ಕೆಟ್ಟ ಸುದ್ದಿ ಎಂದು ಹೇಳಬೇಕೇ? ಎರಡೂ ತಪ್ಪಾಗಬಹುದು.

ಈ ಪಾಠವು ಅನ್ನನಾಳದ ಕ್ಯಾನ್ಸರಿನಲ್ಲಿ ಪರೀಕ್ಷಿಸಲ್ಪಡುವ ಕೆಲವು ಪ್ರೋಟೀನುಗಳನ್ನು ಉದಾಹರಣೆಯಾಗಿ ಇಟ್ಟುಕೊಂಡು, ಇಂತಹ ಸೂಚನೆಗಳನ್ನು ಅರ್ಥೈಸುವ ಕ್ರಮವನ್ನು ಕಲಿಸುತ್ತದೆ. ವೈದ್ಯರ ಸ್ಥಾನದಲ್ಲಿ ಮಕ್ಕಳನ್ನು ನಿಲ್ಲಿಸುವುದು ಇದರ ಉದ್ದೇಶವಲ್ಲ. ಸರಿಯಾದ ಪ್ರಶ್ನೆಯನ್ನು ಕೇಳುವ ಶಕ್ತಿಯನ್ನು ಬೆಳೆಸುವುದೇ ಉದ್ದೇಶ.

ಕಲಿಕಾ ಸಾಧನೆಗಳು

1. ಜೈವಿಕ ಸೂಚಕವೆಂದರೇನು ಎಂಬುದನ್ನು ಸ್ವಂತ ಮಾತಿನಲ್ಲಿ ವಿವರಿಸುವುದು.
2. ಪತ್ತೆ ಸೂಚಕ, ರೋಗಗತಿ ಸೂಚಕ, ಔಷಧಫಲ ಸೂಚಕ ಎಂಬ ಮೂರನ್ನು ಪ್ರತ್ಯೇಕಿಸುವುದು.
3. ಮಧ್ಯಾಂಕವು ಗುಂಪಿನ ವಿವರಣೆಯೇ ಹೊರತು ಒಬ್ಬ ವ್ಯಕ್ತಿಯ ಭವಿಷ್ಯವಲ್ಲವೆಂದು ಮನಗಾಣುವುದು.

1. ಅನ್ನನಾಳ ಮತ್ತು ಅದರ ಎರಡು ಬಗೆಯ ಕ್ಯಾನ್ಸರ್

ವಯಸ್ಕರಲ್ಲಿ ಅನ್ನನಾಳವು ಸುಮಾರು 25 ಸೆಂಟಿಮೀಟರ್ ಉದ್ದದ, ಸ್ನಾಯುಗಳಿಂದಾದ ಕೊಳವೆ. ಅದರ ಒಳಪದರವು ಚಪ್ಪಟೆಯಾದ ಕೋಶಗಳಿಂದ ಕೂಡಿದೆ. ಈ ಕೋಶಗಳಲ್ಲಿ ಹುಟ್ಟುವುದು ಸ್ಕ್ವಾಮಸ್ ಕೋಶ ಕ್ಯಾನ್ಸರ್. ಜಠರಕ್ಕೆ ಸಮೀಪದ ಕೆಳಭಾಗದಲ್ಲಿ, ಗ್ರಂಥಿಯ ಸ್ವಭಾವವುಳ್ಳ ಕೋಶಗಳಲ್ಲಿ ಹುಟ್ಟುವುದು ಅಡೆನೊಕಾರ್ಸಿನೋಮ. ಭಾರತವೂ ಸೇರಿದಂತೆ ಏಷ್ಯಾ ಮತ್ತು ಆಫ್ರಿಕಾದ ಬಹುಭಾಗದಲ್ಲಿ ಮೊದಲನೆಯದು ಹೆಚ್ಚು; ಅಮೆರಿಕ, ಬ್ರಿಟನ್‌ಗಳಲ್ಲಿ ಎರಡನೆಯದು ಹೆಚ್ಚು. ಹೊಗೆಸೊಪ್ಪು ಮತ್ತು ಮದ್ಯ ಸ್ಕ್ವಾಮಸ್ ಕ್ಯಾನ್ಸರಿನ ಮುಖ್ಯ ಕಾರಣಗಳು. ಬಹುಕಾಲದ ಆಮ್ಲೀಯ ಹುಳಿತೇಗು ಮತ್ತು ಬೊಜ್ಜು ಅಡೆನೊಕಾರ್ಸಿನೋಮದ ಅಪಾಯವನ್ನು ಹೆಚ್ಚಿಸುತ್ತವೆ.

2020ರ ಜಾಗತಿಕ ಅಂದಾಜಿನಂತೆ ಆ ಒಂದೇ ವರ್ಷ ಅನ್ನನಾಳದ ಕ್ಯಾನ್ಸರ್ ಸುಮಾರು 6 ಲಕ್ಷ ಜನರಲ್ಲಿ ಹೊಸದಾಗಿ ಪತ್ತೆಯಾಯಿತು. ಸುಮಾರು 5 ಲಕ್ಷ 44 ಸಾವಿರ ಜನ ಅದರಿಂದ ತೀರಿಕೊಂಡರು. ಈ ಎರಡು ಸಂಖ್ಯೆಗಳು ಇಷ್ಟು ಹತ್ತಿರವಿರುವುದೇಕೆಂದು ಮಕ್ಕಳಲ್ಲಿ ಕೇಳಬಹುದು. ಕೊಳವೆಯ ಒಳದಾರಿ ಬಹಳಷ್ಟು ಕಿರಿದಾಗುವವರೆಗೆ ನುಂಗುವ ತೊಂದರೆ ಕಾಣಿಸಿಕೊಳ್ಳುವುದಿಲ್ಲ. ಆದುದರಿಂದ ಹೆಚ್ಚಿನವರಲ್ಲಿ ರೋಗ ಪತ್ತೆಯಾಗುವಾಗ ತಡವಾಗಿರುತ್ತದೆ. ಯಾರಲ್ಲಿ ರೋಗ ಯಾವ ದಾರಿ ಹಿಡಿಯಬಹುದು, ಯಾರಿಗೆ ಯಾವ ಔಷಧ ಫಲಿಸಬಹುದು ಎಂಬುದನ್ನು ಮೊದಲೇ ತಿಳಿಯುವ ಹಂಬಲ ಇಲ್ಲಿ ತೀವ್ರವಾಗಿರುವುದು ಸಹಜ. ಆ ಹಂಬಲಕ್ಕೆ ಉತ್ತರವಾಗಿ ಹುಡುಕಲ್ಪಟ್ಟವುಗಳೇ ಪ್ರೋಟೀನ್ ಸೂಚಕಗಳು.

2. ಪ್ರೋಟೀನು ಸೂಚಕವಾಗುವ ಬಗೆ

ದೇಹದಲ್ಲಿ ಅಳೆಯಬಹುದಾದ, ಅಳತೆಯಿಂದ ದೇಹದ ಸ್ಥಿತಿಯ ಬಗ್ಗೆ ಏನನ್ನಾದರೂ ತಿಳಿಸುವ ಲಕ್ಷಣವೇ ಜೈವಿಕ ಸೂಚಕ. ಜ್ವರಮಾಪಕದ ಅಂಕಿಯೂ ಒಂದು ಸೂಚಕವೇ. ಕ್ಯಾನ್ಸರ್ ಕೋಶಗಳಲ್ಲಿ ಕೆಲವು ಪ್ರೋಟೀನುಗಳು ಅತಿಯಾಗಿ ತಯಾರಾಗುತ್ತವೆ, ಕೆಲವು ಇಲ್ಲವಾಗುತ್ತವೆ, ಕೆಲವು ರೂಪಗೆಟ್ಟಿರುತ್ತವೆ. ಈ ವ್ಯತ್ಯಾಸವನ್ನು ಕಾಣುವುದಕ್ಕೆ ಎರಡು ದಾರಿಗಳಿವೆ.

ಮೊದಲನೆಯದು ಅಂಗಾಂಶದ ಪರೀಕ್ಷೆ. ಎಂಡೋಸ್ಕೋಪಿಯ ಮೂಲಕ ಗಡ್ಡೆಯ ಸಣ್ಣ ತುಣುಕುಗಳನ್ನು ತೆಗೆಯುತ್ತಾರೆ. ಇದೇ ಬಯಾಪ್ಸಿ. ತುಣುಕನ್ನು ಮೇಣದಲ್ಲಿ ಹುದುಗಿಸಿ, ಅತಿ ತೆಳುವಾದ ಪದರಗಳಾಗಿ ಕತ್ತರಿಸಿ, ನಿರ್ದಿಷ್ಟ ಪ್ರೋಟೀನಿಗೆ ಮಾತ್ರ ಅಂಟಿಕೊಳ್ಳುವ ಪ್ರತಿಕಾಯವನ್ನು ಅದರ ಮೇಲೆ ಹಾಕುತ್ತಾರೆ. ಪ್ರತಿಕಾಯ ಅಂಟಿದ ಕಡೆ ಕಂದು ಬಣ್ಣ ಮೂಡುವಂತೆ ಮಾಡಲಾಗುತ್ತದೆ. ರೋಗನಿದಾನ ತಜ್ಞರು ಸೂಕ್ಷ್ಮದರ್ಶಕದಲ್ಲಿ ಬಣ್ಣದ ಗಾಢತೆಯನ್ನೂ ವ್ಯಾಪ್ತಿಯನ್ನೂ ನೋಡಿ ಅಂಕ ನೀಡುತ್ತಾರೆ.

ಎರಡನೆಯದು ರಕ್ತದ ಪರೀಕ್ಷೆ. ಗಡ್ಡೆಯಿಂದ ರಕ್ತಕ್ಕೆ ಸೇರುವ ಸಿಇಎ, ಸ್ಕ್ವಾಮಸ್ ಕೋಶ ಪ್ರತಿಜನಕ, ಸೈಫ್ರಾ 21-1 ಮುಂತಾದ ಪ್ರೋಟೀನುಗಳ ಪ್ರಮಾಣವನ್ನು ಅಳೆಯಬಹುದು. ಚಿಕಿತ್ಸೆಗೆ ಮೊದಲು ಇವು ಏರಿದ್ದವರಲ್ಲಿ ರೋಗ ಮುಂದುವರಿದಿರುವ ಸಾಧ್ಯತೆ ಒಟ್ಟಾರೆಯಾಗಿ ಹೆಚ್ಚು. ಆದರೆ ರೋಗವಿದ್ದೂ ಇವು ಏರದವರು ಅನೇಕರು. ಧೂಮಪಾನಿಗಳಲ್ಲಿ ಸಿಇಎ ಏರಿರಬಹುದು; ಚರ್ಮದ ಸೋರಿಯಾಸಿಸ್ ಕಾಯಿಲೆಯಲ್ಲಿ ಸ್ಕ್ವಾಮಸ್ ಕೋಶ ಪ್ರತಿಜನಕ ಏರಿರಬಹುದು. ಆದುದರಿಂದ ಒಂದು ರಕ್ತಪರೀಕ್ಷೆಯ ಅಂಕಿಯನ್ನು ಮಾತ್ರ ನಂಬಿ ಯಾವ ತೀರ್ಮಾನಕ್ಕೂ ಬರುವಂತಿಲ್ಲ.

3. ಮೂರು ಪ್ರಶ್ನೆಗಳು, ಮೂರು ಬಗೆಯ ಸೂಚಕಗಳು

ಸೂಚಕವೊಂದು ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ ಎಂಬುದನ್ನು ಮೊದಲು ನಿಶ್ಚಯಿಸಬೇಕು. ಪಾಠದ ತಿರುಳು ಇದೇ ಆಗಿರುವುದರಿಂದ ಅಧ್ಯಾಪಕರು ಇಲ್ಲಿ ಸಾಕಷ್ಟು ಸಮಯ ನೀಡಬೇಕು.

ಅ) ರೋಗ ಅಥವಾ ಅದರ ಪೂರ್ವಸ್ಥಿತಿ ಇದೆಯೇ? – ಪತ್ತೆ ಸೂಚಕ.
ಆ) ರೋಗದ ಗತಿ ಹೇಗಿರಬಹುದು? – ರೋಗಗತಿ ಸೂಚಕ.
ಇ) ಈ ನಿರ್ದಿಷ್ಟ ಔಷಧದಿಂದ ಪ್ರಯೋಜನವಾಗಬಹುದೇ? – ಔಷಧಫಲ ಸೂಚಕ.

ಪತ್ತೆ ಸೂಚಕಕ್ಕೆ ಟಿಎಫ್‌ಎಫ್3 ಎಂಬ ಪ್ರೋಟೀನು ಒಳ್ಳೆಯ ಉದಾಹರಣೆ. ಹುಳಿತೇಗಿನಿಂದ ಬಹುಕಾಲ ಬಳಲಿದವರಲ್ಲಿ ಕೆಲವರಿಗೆ ಅನ್ನನಾಳದ ಕೆಳಭಾಗದ ಒಳಪದರ ಮಾರ್ಪಟ್ಟು 'ಬ್ಯಾರೆಟ್ಸ್' ಎಂಬ ಸ್ಥಿತಿ ಉಂಟಾಗುತ್ತದೆ. ಅವರಲ್ಲಿ ಅಲ್ಪಭಾಗದವರಿಗೆ ಮುಂದೆ ಅಡೆನೊಕಾರ್ಸಿನೋಮ ಬರುತ್ತದೆ. ಕೇಂಬ್ರಿಡ್ಜಿನಲ್ಲಿ ರೆಬೆಕಾ ಫಿಟ್ಜೆರಾಲ್ಡ್ ಅವರ ತಂಡ ಇದಕ್ಕಾಗಿ ದಾರಕ್ಕೆ ಕಟ್ಟಿದ ಕ್ಯಾಪ್ಸೂಲೊಂದನ್ನು ರೂಪಿಸಿತು. ಅದನ್ನು ನುಂಗಿದಾಗ ಕವಚ ಜಠರದಲ್ಲಿ ಕರಗಿ ಒಳಗಿನ ಸ್ಪಂಜು ಅರಳುತ್ತದೆ. ದಾರ ಹಿಡಿದು ಮೇಲಕ್ಕೆ ಎಳೆದಾಗ ಅನ್ನನಾಳದ ಕೋಶಗಳು ಸ್ಪಂಜಿಗೆ ಅಂಟಿ ಬರುತ್ತವೆ. ಅವುಗಳಲ್ಲಿ ಟಿಎಫ್‌ಎಫ್3 ಇದೆಯೇ ಎಂದು ಪರೀಕ್ಷಿಸಲಾಗುತ್ತದೆ. 2020ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನದಲ್ಲಿ ಈ ಪರೀಕ್ಷೆಯ ಅವಕಾಶವಿದ್ದ 6,834 ಜನರ ಗುಂಪಿನಲ್ಲಿ 140 ಮಂದಿಯ ಬ್ಯಾರೆಟ್ಸ್ ಸ್ಥಿತಿ ಪತ್ತೆಯಾಯಿತು. ಎಂದಿನ ಕ್ರಮವನ್ನು ಅನುಸರಿಸಿದ 6,388 ಜನರ ಗುಂಪಿನಲ್ಲಿ ಪತ್ತೆಯಾದವರು 13 ಮಂದಿ ಮಾತ್ರ.

ರೋಗಗತಿ ಸೂಚಕಕ್ಕೆ ಪಿ53 ಎಂಬ ಪ್ರೋಟೀನನ್ನು ನೋಡಬಹುದು. ಇದು ಕೋಶದ ಕಾವಲುಗಾರ. ಡಿಎನ್‌ಎಗೆ ಹಾನಿಯಾದ ಕೋಶ ವಿಭಜನೆಯಾಗದಂತೆ ತಡೆಯುತ್ತದೆ. ಬ್ಯಾರೆಟ್ಸ್ ಇರುವವರ ಅಂಗಾಂಶದಲ್ಲಿ ಪಿ53ರ ಬಣ್ಣ ಅಸಹಜವಾಗಿ ಕಂಡರೆ ಮುಂದೆ ಕ್ಯಾನ್ಸರಾಗುವ ಅಪಾಯ ಹೆಚ್ಚೆಂದು ಅಧ್ಯಯನಗಳು ತೋರಿಸಿವೆ. ಅಂತಹವರನ್ನು ಹೆಚ್ಚು ನಿಕಟವಾಗಿ ಗಮನಿಸಲು ಇದು ನೆರವಾಗುತ್ತದೆ. ಆದರೆ ಯಾವ ಔಷಧ ಫಲಿಸುತ್ತದೆ ಎಂಬುದನ್ನು ಇದು ಹೇಳುವುದಿಲ್ಲ.

ರೋಗಗತಿ ಸೂಚಕಕ್ಕೂ ಔಷಧಫಲ ಸೂಚಕಕ್ಕೂ ಇರುವ ಅಂತರವನ್ನು ತೋಟದ ಮಣ್ಣಿನ ಉದಾಹರಣೆಯಿಂದ ತಿಳಿಸಬಹುದು. ಮುರಕಲ್ಲಿನ ಮೇಲೆ ಗೇಣುದ್ದ ಮಣ್ಣು ಮಾತ್ರ ಇರುವ ಜಾಗದಲ್ಲಿ ಏನು ಹಾಕಿದರೂ ಫಸಲು ಕಡಿಮೆಯೇ. ಮಣ್ಣಿನ ಆಳ ಇಲ್ಲಿ ಗತಿಯನ್ನು ತಿಳಿಸುವ ಸೂಚಕ. ಮಣ್ಣು ಹುಳಿಯಾಗಿದೆ ಎಂದು ಪರೀಕ್ಷೆಯಿಂದ ತಿಳಿದರೆ ಸುಣ್ಣ ಹಾಕಿದಾಗ ಪ್ರಯೋಜನವಾಗುತ್ತದೆ. ಹುಳಿಯಿಲ್ಲದ ಮಣ್ಣಿಗೆ ಸುಣ್ಣ ಸುರಿದರೆ ವ್ಯರ್ಥ, ಕೆಲವೊಮ್ಮೆ ಕೇಡು. ಮಣ್ಣಿನ ಹುಳಿ ಇಲ್ಲಿ ಉಪಚಾರದ ಫಲವನ್ನು ತಿಳಿಸುವ ಸೂಚಕ.

4. ಹರ್-2: ಕೆಟ್ಟ ಲಕ್ಷಣವೇ ಬಾಗಿಲಾದ ಬಗೆ

ಹರ್-2 ಕೋಶದ ಮೇಲ್ಮೈಯಲ್ಲಿರುವ ಪ್ರೋಟೀನು. ಬೆಳೆಯಬೇಕೆಂಬ ಸಂದೇಶವನ್ನು ಅದು ಕೋಶದ ಒಳಗೆ ಕಳುಹಿಸುತ್ತದೆ. ಸ್ತನದ ಕ್ಯಾನ್ಸರಿನಲ್ಲಿ ಇದರ ಜೀನ್ ಪ್ರತಿಗಳು ಹೆಚ್ಚಿದ್ದವರ ರೋಗಗತಿ ಕೆಟ್ಟದ್ದೆಂದು 1987ರಲ್ಲಿ ತಿಳಿದುಬಂದಿತು. ಅದೇ ಪ್ರೋಟೀನನ್ನು ಹಿಡಿಯುವ ಟ್ರಾಸ್ಟುಜುಮ್ಯಾಬ್ ಎಂಬ ಪ್ರತಿಕಾಯ ಔಷಧಕ್ಕೆ 1998ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತ ಮೇಲೆ ಹರ್-2 ಔಷಧಫಲ ಸೂಚಕವೂ ಆಯಿತು. ಭಯದ ಗುರುತಾಗಿದ್ದುದು ಚಿಕಿತ್ಸೆಯ ಬಾಗಿಲಾಯಿತು.

ಜಠರ ಹಾಗೂ ಜಠರ–ಅನ್ನನಾಳ ಸಂಧಿಯ ಮುಂದುವರಿದ ಅಡೆನೊಕಾರ್ಸಿನೋಮದಲ್ಲಿ ಈ ಔಷಧದ ಪರೀಕ್ಷೆ ನಡೆದು, 2010ರಲ್ಲಿ 'ಟೋಗಾ' ಎಂಬ ಹೆಸರಿನ ಅಧ್ಯಯನ ಪ್ರಕಟವಾಯಿತು. ಅದಕ್ಕಾಗಿ ಪರೀಕ್ಷಿಸಿದ ಗಡ್ಡೆಗಳಲ್ಲಿ ಸುಮಾರು 22 ಶೇಕಡಾ ಹರ್-2 ಪಾಸಿಟಿವ್ ಆಗಿದ್ದವು. ಕೀಮೋಥೆರಪಿ ಮಾತ್ರ ಪಡೆದವರ ಬದುಕಿನ ಮಧ್ಯಾಂಕ 11.1 ತಿಂಗಳು, ಟ್ರಾಸ್ಟುಜುಮ್ಯಾಬನ್ನೂ ಪಡೆದವರದು 13.8 ತಿಂಗಳು. ಪ್ರೋಟೀನು ಹೇರಳವಾಗಿದ್ದವರನ್ನು ಪ್ರತ್ಯೇಕವಾಗಿ ನೋಡಿದಾಗ ಅಂತರ ಹೆಚ್ಚಿತು: 11.8 ತಿಂಗಳ ಎದುರಿಗೆ 16 ತಿಂಗಳು. ಜೀನ್ ಪ್ರತಿಗಳು ಹೆಚ್ಚಿದ್ದರೂ ಪ್ರೋಟೀನು ಅತ್ಯಲ್ಪವಾಗಿದ್ದವರಲ್ಲಿ ಸ್ಪಷ್ಟ ಪ್ರಯೋಜನ ಕಾಣಲಿಲ್ಲ. ಔಷಧ ಹಿಡಿಯುವುದು ಪ್ರೋಟೀನನ್ನು ಎಂಬುದನ್ನು ನೆನೆದರೆ ಇದರ ಕಾರಣ ತಿಳಿಯುತ್ತದೆ. ಟೋಗಾದಲ್ಲಿ ಬಹುಪಾಲು ಜನರದು ಜಠರದ ಕ್ಯಾನ್ಸರ್ ಆಗಿತ್ತೆಂಬುದನ್ನೂ ಹೇಳಬೇಕು.

ವರದಿಯಲ್ಲಿ ಹರ್-2ರ ಅಂಕ 0, 1 ಪ್ಲಸ್, 2 ಪ್ಲಸ್, 3 ಪ್ಲಸ್ ಎಂದಿರುತ್ತದೆ. 0 ಮತ್ತು 1 ಪ್ಲಸ್ ನೆಗೆಟಿವ್. 3 ಪ್ಲಸ್ ಪಾಸಿಟಿವ್. 2 ಪ್ಲಸ್ ಅನಿಶ್ಚಿತ, ಜೀನಿನ ಪ್ರತಿಗಳನ್ನು ಎಣಿಸುವ ಇನ್ನೊಂದು ಪರೀಕ್ಷೆ ಅಗತ್ಯ. ಇವು ಕ್ಯಾನ್ಸರಿನ ಹಂತಗಳಲ್ಲ. 3 ಪ್ಲಸ್ ಎಂಬುದನ್ನು ಮೂರನೆಯ ಹಂತ ಎಂದು ತಿಳಿದು ಮನೆಮಂದಿ ಎದೆಗುಂದುವ ಸಂಭವವಿದೆ. ಈ ವ್ಯತ್ಯಾಸವನ್ನು ಕಪ್ಪುಹಲಗೆಯಲ್ಲಿ ಬರೆದೇ ತೋರಿಸಬೇಕು.

5. ಇಜಿಎಫ್‌ಆರ್: ಇದ್ದ ಮಾತ್ರಕ್ಕೆ ಫಲಿಸದು

ಹರ್-2ರ ಹತ್ತಿರದ ಬಂಧುವಾದ ಇಜಿಎಫ್‌ಆರ್ ಅನ್ನನಾಳದ ಕ್ಯಾನ್ಸರಿನಲ್ಲಿ ಅನೇಕ ವೇಳೆ ಅತಿಯಾಗಿ ಕಾಣಿಸಿಕೊಳ್ಳುತ್ತದೆ. ಹಾಗಾದರೆ ಅದನ್ನು ತಡೆಯುವ ಔಷಧಗಳೂ ಫಲಿಸಬೇಕಲ್ಲವೇ? ತರ್ಕ ಸೊಗಸಾಗಿತ್ತು, ಪರೀಕ್ಷೆ ಬೇರೆಯೇ ಉತ್ತರ ಕೊಟ್ಟಿತು. ಬ್ರಿಟನ್ನಿನಲ್ಲಿ 2013ರಲ್ಲಿ ಪ್ರಕಟವಾದ 258 ರೋಗಿಗಳ ಅಧ್ಯಯನದಲ್ಲಿ ಕೀಮೋಥೆರಪಿ ಮತ್ತು ವಿಕಿರಣ ಚಿಕಿತ್ಸೆಯೊಂದಿಗೆ ಇಜಿಎಫ್‌ಆರ್ ತಡೆಯುವ ಸೆಟುಕ್ಸಿಮ್ಯಾಬನ್ನು ಕೂಡಿಸಲಾಯಿತು. ಔಷಧ ಪಡೆದವರ ಬದುಕಿನ ಮಧ್ಯಾಂಕ 22.1 ತಿಂಗಳು, ಪಡೆಯದವರದು 25.4 ತಿಂಗಳು. 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಗೆಫಿಟಿನಿಬ್ ಮಾತ್ರೆಗೂ ಔಷಧವಿಲ್ಲದ ಹುಸಿ ಮಾತ್ರೆಗೂ ಬದುಕಿನ ಅವಧಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ.

ಈ ಎರಡರಲ್ಲಿಯೂ ರೋಗಿಗಳನ್ನು ಸೂಚಕದ ಆಧಾರದಿಂದ ಆಯ್ದುಕೊಂಡಿರಲಿಲ್ಲ. ಗೆಫಿಟಿನಿಬ್ ಅಧ್ಯಯನದ ಗಡ್ಡೆಗಳನ್ನು ಮುಂದೆ ಮತ್ತೆ ಪರಿಶೀಲಿಸಿದಾಗ ಜೀನ್ ಪ್ರತಿಗಳು ಹೆಚ್ಚಿದ್ದ ಸುಮಾರು ಐದನೆಯ ಒಂದು ಪಾಲು ಜನರಿಗೆ ಪ್ರಯೋಜನವಾಗಿದ್ದಂತೆ ಕಂಡಿತು. ಪ್ರೋಟೀನು ಇರುವುದು, ಗಡ್ಡೆ ಅದನ್ನೇ ಅವಲಂಬಿಸಿರುವುದು, ಔಷಧ ಫಲಿಸುವುದು – ಇವು ಮೂರು ಬೇರೆ ಬೇರೆ ಸಂಗತಿಗಳು.

6. ಪಿಡಿ-ಎಲ್1: ಅಂಕಕ್ಕೆ ಸಂದರ್ಭವೂ ಬೇಕು

ದೇಹದ ರಕ್ಷಣಾಕೋಶಗಳ ಮೇಲೆ ಪಿಡಿ-1 ಎಂಬ ತಡೆಗುಂಡಿಯಿದೆ. 1992ರಲ್ಲಿ ಇದನ್ನು ಕಂಡುಹಿಡಿದ ಜಪಾನಿನ ತಾಸುಕು ಹೊಂಜೊ ಅವರಿಗೆ 2018ರ ನೊಬೆಲ್ ಪ್ರಶಸ್ತಿಯನ್ನು ಅಮೆರಿಕದ ಜೇಮ್ಸ್ ಆಲಿಸನ್ ಅವರೊಂದಿಗೆ ನೀಡಲಾಯಿತು. ಗಡ್ಡೆಯ ಕೋಶಗಳು ಪಿಡಿ-ಎಲ್1 ಎಂಬ ಪ್ರೋಟೀನಿನಿಂದ ಈ ಗುಂಡಿಯನ್ನು ಒತ್ತಿ ರಕ್ಷಣಾಕೋಶಗಳನ್ನು ಸುಮ್ಮನಾಗಿಸುತ್ತವೆ. ಆ ಒತ್ತುವಿಕೆಯನ್ನು ತಪ್ಪಿಸುವ ಔಷಧಗಳೇ ಪೆಂಬ್ರೊಲಿಜುಮ್ಯಾಬ್, ನಿವೊಲುಮ್ಯಾಬ್ ಮೊದಲಾದವು.

ಪಿಡಿ-ಎಲ್1ನ್ನು ಅಳೆಯುವ ಒಂದು ಕ್ರಮ 'ಸಂಯುಕ್ತ ಅಂಕ'. ಬಣ್ಣ ಹಿಡಿದ ಗಡ್ಡೆಕೋಶಗಳು ಮತ್ತು ಬಣ್ಣ ಹಿಡಿದ ರಕ್ಷಣಾಕೋಶಗಳ ಒಟ್ಟು ಸಂಖ್ಯೆಯನ್ನು ಜೀವಂತ ಗಡ್ಡೆಕೋಶಗಳ ಸಂಖ್ಯೆಯಿಂದ ಭಾಗಿಸಿ 100ರಿಂದ ಗುಣಿಸಬೇಕು. 2021ರಲ್ಲಿ ಪ್ರಕಟವಾದ 749 ರೋಗಿಗಳ 'ಕೀನೋಟ್ 590' ಅಧ್ಯಯನದಲ್ಲಿ ಕೀಮೋಥೆರಪಿಯೊಂದಿಗೆ ಪೆಂಬ್ರೊಲಿಜುಮ್ಯಾಬ್ ಪಡೆದವರ ಬದುಕಿನ ಮಧ್ಯಾಂಕ 12.4 ತಿಂಗಳು, ಕೀಮೋಥೆರಪಿ ಮಾತ್ರ ಪಡೆದವರದು 9.8 ತಿಂಗಳು. ಅಂಕ 10 ಅಥವಾ ಅದಕ್ಕೂ ಹೆಚ್ಚಿದ್ದ ಸ್ಕ್ವಾಮಸ್ ಕ್ಯಾನ್ಸರಿನವರಲ್ಲಿ ಇದು 13.9 ಮತ್ತು 8.8 ತಿಂಗಳು.

ಆದರೆ ಅದೇ ವರ್ಷ ಪ್ರಕಟವಾದ 'ಚೆಕ್‌ಮೇಟ್ 577' ಅಧ್ಯಯನ ಇನ್ನೊಂದು ಸಂದರ್ಭದ್ದು. ಕೀಮೋಥೆರಪಿ, ವಿಕಿರಣ ಮತ್ತು ಶಸ್ತ್ರಚಿಕಿತ್ಸೆ ಮುಗಿದ ಮೇಲೆ ನಿವೊಲುಮ್ಯಾಬ್ ಪಡೆದವರು ರೋಗ ಮರುಕಳಿಸದೆ ಕಳೆದ ಅವಧಿಯ ಮಧ್ಯಾಂಕ 22.4 ತಿಂಗಳು, ಪಡೆಯದವರದು 11 ತಿಂಗಳು. ಇಲ್ಲಿ ಪಿಡಿ-ಎಲ್1 ನೋಡಿ ರೋಗಿಗಳನ್ನು ಆಯ್ದಿರಲಿಲ್ಲ. ಒಂದೇ ಪ್ರೋಟೀನಿಗೆ ಒಂದು ಘಟ್ಟದಲ್ಲಿ ಇರುವ ಬೆಲೆ ಇನ್ನೊಂದು ಘಟ್ಟದಲ್ಲಿ ಇರಬೇಕೆಂದಿಲ್ಲ. ಅಲ್ಲದೆ ಗಡ್ಡೆಯ ಒಂದು ಮೂಲೆಯ ತುಣುಕು ಇಡೀ ಗಡ್ಡೆಯನ್ನು ಪ್ರತಿನಿಧಿಸುತ್ತದೆ ಎನ್ನಲಾಗದು.

7. ತರಗತಿ ಚಟುವಟಿಕೆಗಳು

(ಇಲ್ಲಿರುವ ಸಂಖ್ಯೆಗಳು ಅಭ್ಯಾಸಕ್ಕಾಗಿ ಕಲ್ಪಿಸಿದವು.)

ಚಟುವಟಿಕೆ 1: ಒಂದು ತುಣುಕಿನಲ್ಲಿ 200 ಜೀವಂತ ಗಡ್ಡೆಕೋಶಗಳಿವೆ. ಬಣ್ಣ ಹಿಡಿದ ಗಡ್ಡೆಕೋಶಗಳು 14, ರಕ್ಷಣಾಕೋಶಗಳು 12. ಸಂಯುಕ್ತ ಅಂಕವೆಷ್ಟು? (ಉತ್ತರ: 13)

ಚಟುವಟಿಕೆ 2: ಒಂಬತ್ತು ಜನ ರೋಗಿಗಳು ಬದುಕಿದ ತಿಂಗಳುಗಳು: 3, 5, 6, 8, 11, 14, 20, 31, 60. ಮಧ್ಯಾಂಕ 11. ಸರಾಸರಿ ಸುಮಾರು 17.6. ಇವರಲ್ಲಿ ಸರಿಯಾಗಿ 11 ತಿಂಗಳು ಬದುಕಿದವರು ಒಬ್ಬರೇ. ನಾಲ್ವರು ಅದಕ್ಕಿಂತ ಹೆಚ್ಚು ಬದುಕಿದರು, ಒಬ್ಬರು 60 ತಿಂಗಳು ಬದುಕಿದರು. "ಈ ಕಾಯಿಲೆಯವರು 11 ತಿಂಗಳು ಬದುಕುತ್ತಾರೆ" ಎಂಬ ವಾಕ್ಯದಲ್ಲಿ ತಪ್ಪೇನು? ಸರಿಯಾದ ವಾಕ್ಯವನ್ನು ಮಕ್ಕಳೇ ರಚಿಸಲಿ.

ಚಟುವಟಿಕೆ 3: ಎರಡು ಪ್ರೋಟೀನುಗಳು, ಒಂದು ಔಷಧ. ಕೊಟ್ಟಿರುವುದು ಬದುಕಿನ ಮಧ್ಯಾಂಕ, ತಿಂಗಳುಗಳಲ್ಲಿ.
'ಕ' ಪ್ರೋಟೀನು ಇರುವವರು: ಔಷಧವಿಲ್ಲದೆ 8, ಔಷಧದೊಂದಿಗೆ 8. ಇಲ್ಲದವರು: ಔಷಧವಿಲ್ಲದೆ 12, ಔಷಧದೊಂದಿಗೆ 12.
'ಚ' ಪ್ರೋಟೀನು ಇರುವವರು: ಔಷಧವಿಲ್ಲದೆ 10, ಔಷಧದೊಂದಿಗೆ 15. ಇಲ್ಲದವರು: ಔಷಧವಿಲ್ಲದೆ 10, ಔಷಧದೊಂದಿಗೆ 10.
ಯಾವುದು ರೋಗಗತಿ ಸೂಚಕ, ಯಾವುದು ಔಷಧಫಲ ಸೂಚಕ? ಗುಂಪುಗಳಲ್ಲಿ ಚರ್ಚಿಸಿ ಕಾರಣ ಬರೆಯಲಿ. 'ಚ' ಪ್ರೋಟೀನು ಇರುವವರಿಗೆ ಮಾತ್ರ ಔಷಧ ಕೊಟ್ಟು ನೋಡಿದ್ದರೆ ಈ ತೀರ್ಮಾನಕ್ಕೆ ಬರಬಹುದಿತ್ತೇ ಎಂದು ಕೊನೆಯಲ್ಲಿ ಕೇಳಬೇಕು.

8. ಅಧ್ಯಾಪಕರ ಗಮನಕ್ಕೆ

ತರಗತಿಯಲ್ಲಿ ಈ ಕಾಯಿಲೆಯ ಮನೆಯಿಂದ ಬಂದ ಮಗು ಇರಬಹುದು. ಯಾವ ಮಗುವಿನಲ್ಲಿಯೂ ಮನೆಯ ಅನುಭವವನ್ನು ಕೇಳಬಾರದು. ಮಗು ತಾನಾಗಿ ಹೇಳಿದರೆ ತಾಳ್ಮೆಯಿಂದ ಕೇಳಬೇಕು. ನಿಜವಾದ ವರದಿಯನ್ನು ತರಗತಿಯಲ್ಲಿ ಓದಿ ಅರ್ಥ ಹೇಳುವುದು ಸಲ್ಲದು. ಅದಕ್ಕೆ ಚಿಕಿತ್ಸೆ ನೀಡುವ ವೈದ್ಯರೇ ಅಧಿಕಾರಿಗಳು.

ಕಾರಣಗಳ ಚರ್ಚೆ ಬಂದಾಗ ಅಡಿಕೆಯ ಮಾತೂ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರ ಸಂಪುಟದಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. ಹೊಗೆಸೊಪ್ಪು ಸೇರಿದ ವೀಳ್ಯವು ಬಾಯಿ, ಗಂಟಲು ಮತ್ತು ಅನ್ನನಾಳದ ಕ್ಯಾನ್ಸರಿಗೆ ಕಾರಣವೆಂದೂ ಹೇಳಿತು. 65 ಡಿಗ್ರಿ ಸೆಲ್ಸಿಯಸಿಗಿಂತ ಬಿಸಿಯಾದ ಪಾನೀಯಗಳು ಬಹುಶಃ ಕ್ಯಾನ್ಸರ್‌ಕಾರಕವೆಂದು 2016ರಲ್ಲಿ ತಿಳಿಸಿತು. ಕಾಸರಗೋಡಿನಂತಹ ಪ್ರದೇಶದಲ್ಲಿ ಅಡಿಕೆ ಅನೇಕ ಮಕ್ಕಳ ಮನೆಯ ಅನ್ನ. ಸತ್ಯವನ್ನು ಮರೆಮಾಚದೆ, ಬೆಳೆಗಾರರನ್ನಾಗಲಿ ರೋಗಿಗಳನ್ನಾಗಲಿ ತಪ್ಪಿತಸ್ಥರಂತೆ ಚಿತ್ರಿಸದೆ ವಿಷಯವನ್ನು ಮಂಡಿಸಬೇಕು. ಯಾವ ಚಟವೂ ಇಲ್ಲದವರಿಗೂ ಈ ಕಾಯಿಲೆ ಬರುತ್ತದೆ ಎಂಬ ಮಾತನ್ನು ಬಿಡಬಾರದು.

"ಹೊಸ ಪ್ರೋಟೀನು ಪತ್ತೆ, ಕ್ಯಾನ್ಸರಿನ ಭವಿಷ್ಯ ಹೇಳುತ್ತದೆ" ಎಂಬಂತಹ ಪತ್ರಿಕಾ ಸುದ್ದಿಗಳನ್ನು ಓದುವಾಗ ಮೂರು ಸಂಗತಿಗಳನ್ನು ಹುಡುಕಲು ಕಲಿಸಬೇಕು: ಎಷ್ಟು ಜನರಲ್ಲಿ ನೋಡಿದರು, ಬೇರೆ ಊರಿನ ಬೇರೆ ಗುಂಪಿನಲ್ಲಿಯೂ ಅದೇ ಫಲ ಬಂದಿದೆಯೇ, ಅದರಿಂದ ಚಿಕಿತ್ಸೆಯ ನಿರ್ಧಾರ ಬದಲಾಗುತ್ತದೆಯೇ. ಪ್ರಯೋಗಾಲಯದಲ್ಲಿ ಭರವಸೆ ಹುಟ್ಟಿಸಿದ ಸೂಚಕಗಳಲ್ಲಿ ಬಹುಪಾಲು ಈ ಮೂರನ್ನು ದಾಟಿ ಆಸ್ಪತ್ರೆಯ ಬಳಕೆಗೆ ಬಂದಿಲ್ಲ.

ಮೌಲ್ಯಮಾಪನ

1. ಹರ್-2 ಪರೀಕ್ಷೆಯಲ್ಲಿ '2 ಪ್ಲಸ್' ಎಂದರೇನು? ಮುಂದೇನು ಮಾಡುತ್ತಾರೆ?
2. ಇಜಿಎಫ್‌ಆರ್ ಹೇರಳವಾಗಿದ್ದರೂ ಅದನ್ನು ತಡೆಯುವ ಔಷಧ ಎಲ್ಲರಿಗೂ ಏಕೆ ಫಲಿಸಲಿಲ್ಲ?
3. ಪಿ53 ಮತ್ತು ಟಿಎಫ್‌ಎಫ್3 ಉತ್ತರಿಸುವ ಪ್ರಶ್ನೆಗಳು ಹೇಗೆ ಬೇರೆ?
4. ಮಣ್ಣಿನ ಉದಾಹರಣೆಯಂತೆ ರೋಗಗತಿ ಸೂಚಕ ಹಾಗೂ ಔಷಧಫಲ ಸೂಚಕಗಳಿಗೆ ನಿತ್ಯಜೀವನದ ಇನ್ನೊಂದು ಹೋಲಿಕೆಯನ್ನು ಬರೆಯಿರಿ.

ಮುಂದುವರಿದ ಚಟುವಟಿಕೆ

ಕಲ್ಪಿತ ವರದಿಯ ಸಾಲು: "ಅನ್ನನಾಳದ ಕೆಳಭಾಗದ ಅಡೆನೊಕಾರ್ಸಿನೋಮ, ಹರ್-2 3 ಪ್ಲಸ್, ಪಾಸಿಟಿವ್." ಇದನ್ನು ಓದು ಬಾರದ ಅಜ್ಜಿಗೆ ಮನೆಯ ಕನ್ನಡದಲ್ಲಿ ಐದು ವಾಕ್ಯಗಳಲ್ಲಿ ತಿಳಿಸುವಂತೆ ಮಕ್ಕಳು ಬರೆಯಲಿ. ನಿಯಮಗಳು ಎರಡು: ಎಷ್ಟು ದಿನ ಬದುಕುತ್ತಾರೆ ಎಂಬುದನ್ನು ಬರೆಯಬಾರದು, ವೈದ್ಯರಲ್ಲಿ ಕೇಳಬೇಕಾದ ಒಂದು ಪ್ರಶ್ನೆಯನ್ನು ಕೊನೆಯಲ್ಲಿ ಬರೆಯಲೇಬೇಕು. ಆ ಕೊನೆಯ ಪ್ರಶ್ನೆ ಸರಿಯಾಗಿದ್ದರೆ ಪಾಠದ ಉದ್ದೇಶ ಈಡೇರಿದೆಯೆಂದು ಭಾವಿಸಬಹುದು.